ಕೆರೆ ಇಳಿದ ಮೇಲೆ ಗಾಳದ ಹಂಗಾಮು
ಹಿಂದೂಪುರ, ಕಲ್ಯಾಣದುರ್ಗದ ಏರಿಗಳ ಮೇಲೆ ಬೇಸಿಗೆ ಮೊದಲ ತಿಂಗಳು

ಶಿವರಾತ್ರಿಗೆ ಚಳಿ ‘ಶಿವಶಿವಾ’ ಅಂತ ಓಡಿಹೋಗುತ್ತದೆ ಎನ್ನುವ ಮಾತು ಗಡಿಯ ಆಚೆಗೂ ಇದೆ, ಈಚೆಗೂ ಇದೆ. ತೆಲುಗಿನವರು ತೆಲುಗಿನಲ್ಲಿ ಹೇಳುತ್ತಾರೆ, ನಾವು ಕನ್ನಡದಲ್ಲಿ ಹೇಳುತ್ತೇವೆ, ಅಷ್ಟೆ. ಚಳಿ ಹೋದ ಹದಿನೈದು ದಿನಕ್ಕೆ ಕೆರೆ ಅಂಗಳದಲ್ಲಿ ನೀರು ಹಿಂದೆ ಸರಿಯುತ್ತದೆ. ಕಡಲೆಕಾಯಿ ಕಿತ್ತು ಮಾರಿ ಎಷ್ಟೋ ದಿನವಾಗಿರುತ್ತದೆ. ಹಿಂದೂಪುರದ ಮಾರ್ಕೆಟ್ ಯಾರ್ಡಿನಲ್ಲಿ ಹುಣಸೆ ಹಣ್ಣಿನ ಭರಾಟೆ. ಹೊಲದಲ್ಲಿ ಮಾತ್ರ ಕೆಲಸ ಕಡಿಮೆ. ಆಗ ಕೆರೆ ಏರಿಯ ಮೇಲೆ ಬಿದಿರು ಕೋಲು ಹಿಡಿದವರು ಒಬ್ಬೊಬ್ಬರೇ ಕಾಣಿಸಿಕೊಳ್ಳುತ್ತಾರೆ.

ಸೈಕಲ್ಲೋ ಮೋಟಾರ್ ಬೈಕೋ ನಿಲ್ಲಿಸಿ ದಾರಿಹೋಕರು ಕೇಳುವ ಪ್ರಶ್ನೆ ಒಂದೇ: ‘ಏಮಣ್ಣಾ, ಏಮನ್ನಾ ಪಡ್ಡಾಯಾ?’ ಉತ್ತರ ಕನ್ನಡದಲ್ಲಿ ಬರುತ್ತದೆ: ‘ಎರಡು ಜಿಲೇಬಿ ಬಿದ್ದವೆ ಕಣಣ್ಣಾ, ದೊಡ್ಡದೊಂದು ಕಚ್ಚಿ ಬಿಟ್ಟೋಯ್ತು.’ ಬಿಟ್ಟುಹೋದ ಮೀನು ಯಾವಾಗಲೂ ದೊಡ್ಡದೇ. ಈ ವಿಷಯದಲ್ಲಿ ಎರಡು ರಾಜ್ಯಗಳ ನಡುವೆ ಯಾವ ತಕರಾರೂ ಇಲ್ಲ.

ಯಾವ ನೀರು, ಎಲ್ಲಿಯ ನೀರು

ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರು ದಾಟಿ ಹಿಂದೂಪುರದ ಕಡೆ ಆಂಧ್ರಕ್ಕೆ ಕಾಲಿಡುತ್ತದೆ. ಅಲ್ಲಿಂದ ಮುಂದೆ ಅದು ಪೆನ್ನಾ. ಒಟ್ಟು ಉದ್ದ 597 ಕಿಲೋಮೀಟರ್. ಅದರಲ್ಲಿ ಕರ್ನಾಟಕದ ಪಾಲು 61, ಉಳಿದ 536 ಆಂಧ್ರದ್ದು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆಯ ನೀರು ಹೊತ್ತು ಬರುವ ಜಯಮಂಗಲಿ ಪರಿಗಿಯ ಹತ್ತಿರ ಇದಕ್ಕೆ ಸೇರುತ್ತದೆ. ಪರಿಗಿ ಕೆರೆ, ಲೇಪಾಕ್ಷಿ ಕೆರೆ, ಮಡಕಶಿರಾ ಸೀಮೆಯ ಸಾಲುಕೆರೆಗಳು, ಮುಂದೆ ಪೇರೂರಿನ ಅಪ್ಪರ್ ಪೆನ್ನಾರ್ ಅಣೆಕಟ್ಟು, ಎಲ್ಲವೂ ಮೇಲಿನ ಮಳೆಯನ್ನೇ ನಂಬಿದವು.

ಕಲ್ಯಾಣದುರ್ಗ, ರಾಯದುರ್ಗದ ಕಡೆ ವೇದಾವತಿಯ ಲೆಕ್ಕ. ಹಗರಿ ಎಂದರೂ ಅದೇ ನದಿ. ಹಿರಿಯೂರಿನ ವಾಣಿವಿಲಾಸ ಸಾಗರ 1907ರಲ್ಲಿ ಕಟ್ಟಿ ಮುಗಿದದ್ದು. ಕೆಳಗೆ ಗುಮ್ಮಘಟ್ಟದ ಕಡೆ ಭೈರವಾನಿತಿಪ್ಪ ಡ್ಯಾಮು, ಜನರ ಬಾಯಲ್ಲಿ ಬರೀ ‘ಬಿಟಿಪಿ’. ವಾಣಿವಿಲಾಸ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. 2025ರ ಜನವರಿಯಲ್ಲಿ ಇನ್ನೊಮ್ಮೆ. ಎಂಬತ್ತೊಂಬತ್ತು ವರ್ಷ ಕಾಯಿಸಿದ ನೀರು ಮೂರು ವರ್ಷದೊಳಗೆ ಎರಡು ಸಲ ಬಂತು ಎಂದರೆ ಮಳೆಯ ಬುದ್ಧಿ ಎಂಥದ್ದು ನೋಡಿ.

ಪೆನುಕೊಂಡದ ಬಳಿ ಗೊಲ್ಲಪಲ್ಲಿ ಜಲಾಶಯವೂ ಇದೆ. ಶ್ರೀಶೈಲದ ಹಿನ್ನೀರಿನಿಂದ ಪಂಪಿನ ಮೇಲೆ ಪಂಪು ಹಾಕಿ ಎತ್ತಿ ತರುವ ಹಂದ್ರಿ-ನೀವಾ ಕಾಲುವೆಯ ಕೃಷ್ಣಾ ನೀರು ಅದು. ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಸೀಮೆಗೆ ಇದು ಸಣ್ಣ ಮಾತಲ್ಲ. 2022ರ ಏಪ್ರಿಲ್‌ನಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಮೀನಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ, ರಾಜ್ಯದ ಗಡಿಯೂ ಗೊತ್ತಿಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರಿನ ಜತೆಗೆ ಮೀನೂ ಇಳಿಯುತ್ತದೆ. ಕೋಡಿ ಬೀಳದಿದ್ದರೆ ಎರಡೂ ಇಲ್ಲ. 1892ರಲ್ಲಿ ಮೈಸೂರು ಮತ್ತು ಮದ್ರಾಸು ಸರ್ಕಾರಗಳು ಮಾಡಿಕೊಂಡ ಒಪ್ಪಂದದಲ್ಲೇ ಪೆನ್ನಾರ್, ಚಿತ್ರಾವತಿ, ಪಾಪಾಘ್ನಿ, ವೇದಾವತಿಗಳ ಹೆಸರಿದೆ. ಅಂದಿನಿಂದ ಜಗಳ ನೀರಿನದ್ದು. ಮೀನಿನ ಲೆಕ್ಕ ಯಾರೂ ಬರೆದಿಡಲಿಲ್ಲ.

ನಮ್ಮ ವಸಂತ ಬೇರೆ

ಚಳಿ ದೇಶಗಳಲ್ಲಿ ವಸಂತವೆಂದರೆ ಮಂಜು ಕರಗಿ ನೀರು ಬೆಚ್ಚಗಾಗಿ, ತೆಪ್ಪಗಿದ್ದ ಮೀನು ಮೇಯಲು ಏಳುವ ಕಾಲ. ಅಲ್ಲಿಯ ಗಾಳಗಾರರು ಮಧ್ಯಾಹ್ನದ ಬಿಸಿಲಿಗೆ ಕಾಯುತ್ತಾರೆ. ನಮ್ಮ ಸೀಮೆಯಲ್ಲಿ ತಿರುಗುಮುರುಗು. ಫಾಲ್ಗುಣದ ಕೊನೆಗೆ ಇಲ್ಲಿ ನೀರು ಬೆಚ್ಚಗಿನದ್ದನ್ನು ದಾಟಿ ಬಿಸಿಯಾಗಲು ಹೊರಡುತ್ತದೆ. ಮಧ್ಯಾಹ್ನ ಕೋಲು ಹಿಡಿದು ಕೂತರೆ ತಲೆ ಸುಡುತ್ತದೆಯೇ ಹೊರತು ಬೆಂಡು ಅಲ್ಲಾಡುವುದಿಲ್ಲ.

ಕಾರಣ ಉಸಿರು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಒಂದು ಲೀಟರು ನೀರು ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ. ಅದೇ ಹೊತ್ತಿಗೆ ಬಿಸಿಗೆ ಮೀನಿನ ಒಡಲು ಹೆಚ್ಚು ಉಸಿರು ಕೇಳುತ್ತದೆ. ಕೆರೆ ಹಸಿರುಗಟ್ಟಿದ್ದರೆ ಇನ್ನೊಂದು ತೊಡಕು. ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಎಳೆದುಕೊಳ್ಳುತ್ತದೆ. ಆದ್ದರಿಂದ ನಸುಕಿನ ಹೊತ್ತು ನೀರಿನಲ್ಲಿ ಉಸಿರು ಅತಿ ಕಡಿಮೆ. ಕೋಳಿ ಕೂಗುವ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಕೆರೆ ತುಂಬ ಮೀನು ಅಂತ ಹಿಗ್ಗಬೇಡಿ. ಅದು ಸಂಕಟದ ಸೂಚನೆ. ಆಗ ಅವು ಎರೆಯನ್ನು ಮೂಸಿಯೂ ನೋಡುವುದಿಲ್ಲ.

ಹಾಗಾದರೆ ಸರಿಯಾದ ಹೊತ್ತು? ಸೂರ್ಯ ಹುಟ್ಟಿ ಅರ್ಧ ಗಂಟೆಯಾದ ಮೇಲಿಂದ ಒಂಬತ್ತು, ಒಂಬತ್ತೂವರೆವರೆಗೆ. ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ. ಗಾಳಿ ಬೀಸುವ ದಿನ ಅಲೆ ಬಡಿಯುವ ದಡ ಒಳ್ಳೆಯದು. ಅಲೆಯಿಂದ ನೀರಿಗೆ ಗಾಳಿ ಬೆರೆಯುತ್ತದೆ, ತೇಲುವ ಹುಳುಹುಪ್ಪಟೆಯೂ ಅಲ್ಲಿಗೇ ಬಂದು ಸೇರುತ್ತದೆ. ಉಗಾದಿ ಕಳೆದ ಮೇಲೆ ತೂಬಿನ ಹತ್ತಿರದ ಆಳವೇ ಗತಿ.

ಎರಡು ಭಾಷೆಯ ಮೀನು

ಮೊದಲು ಜಿಲೇಬಿ. ಎರಡೂ ಭಾಷೆಯಲ್ಲಿ ಇದೇ ಹೆಸರು. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕಾ ಮೂಲದ ಮೀನು. ಮರಿಗಳನ್ನು ಬಾಯಲ್ಲಿಟ್ಟುಕೊಂಡು ಸಾಕುತ್ತದೆ, ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಕೆರೆ ಇಳಿದಾಗ ದಡದ ಹತ್ತಿರವೇ ಸಿಗುತ್ತದೆ. ಸಣ್ಣ ಗಾಳ, ಎರೆಹುಳು ಸಾಕು. ತೆಲುಗಿನವರ ‘ವಾನಪಾಮು’ ಅದೇ ಎರೆಹುಳು. ಹುಡುಗರು ಗಾಳ ಕಲಿಯುವುದು ಇದರ ಮೇಲೆಯೇ.

ಎರಡನೆಯದು ಸಾಮಾನ್ಯ ಗೆಂಡೆ, ತೆಲುಗಿನಲ್ಲಿ ‘ಬಂಗಾರು ತೀಗ’. ಇದು ನಿಂತ ನೀರಲ್ಲೂ ಮೊಟ್ಟೆ ಇಡುತ್ತದೆ. ಜನವರಿ ನಡುವಿನಿಂದ ಮಾರ್ಚ್‌ವರೆಗೆ ಒಂದು ಸಲ, ಮಳೆಗಾಲದಲ್ಲಿ ಇನ್ನೊಂದು ಸಲ. ಮೊಟ್ಟೆ ಅಂಟಂಟು, ಜೊಂಡಿಗೆ, ನೀರುಹುಲ್ಲಿಗೆ ಹತ್ತಿಕೊಳ್ಳುತ್ತದೆ. ಬೆಳಗಿನ ಹೊತ್ತು ದಡದ ಹುಲ್ಲಿನಲ್ಲಿ ಪಟಪಟ ಸದ್ದು ಕೇಳಿದರೆ ಅದೇ. ತಳದ ಕೆಸರು ಕೆದಕಿ ತಿನ್ನುವ ಮೀನಾದ್ದರಿಂದ ಎರೆ ನೆಲಕ್ಕೆ ತಾಗುವಂತೆ ಬಿಡಬೇಕು. ಕಡಲೆಕಾಯಿ ಹಿಂಡಿಯನ್ನು ನೆನೆಸಿ, ತೌಡು, ಮುಸುರೆ ಅನ್ನದ ಜತೆ ಮಿದ್ದು ಮಾಡಿದ ಉಂಡೆಗೆ ಇದು ಸೋಲುತ್ತದೆ. ಗಾಣದ ಹಿಂಡಿ ಸಿಕ್ಕರಂತೂ ಕೇಳುವುದೇ ಬೇಡ. ಆದರೆ ಇಳಿದ ಕೆರೆಗೆ ಬುಟ್ಟಿಗಟ್ಟಲೆ ಹಿಂಡಿ ಸುರಿಯಬಾರದು. ಮೀನು ತಿನ್ನದೆ ಉಳಿದದ್ದು ಕೊಳೆತು ಇದ್ದ ಉಸಿರನ್ನೂ ತಿನ್ನುತ್ತದೆ.

ಕಾಟ್ಲಾ, ರೋಹು, ಮೃಗಾಲ್ ಮೂರು ಒಂದೇ ಮನೆಯ ಮೂರು ಅಂತಸ್ತು. ಕಾಟ್ಲಾ ಅಥವಾ ‘ಬೊಚ್ಚ’ ಮೇಲೆ ಮೇಯುತ್ತದೆ, ರೋಹು ಅಥವಾ ‘ಶೀಲಾವತಿ’ ನಡುವೆ, ಮೃಗಾಲ್ ತಳದಲ್ಲಿ. ಬೆಂಡು ಕಟ್ಟುವಾಗ ಈ ಲೆಕ್ಕ ಮರೆಯಬಾರದು. ಇವು ಹರಿಯುವ ನದಿಯಲ್ಲಿ ಮೊಟ್ಟೆ ಇಡುತ್ತವೆಯೇ ಹೊರತು ಕೆರೆಯಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ. 1957ರ ಜುಲೈ 10ರಂದು ಕಟಕ್‌ನಲ್ಲಿ ಹೀರಾಲಾಲ್ ಚೌಧರಿ ಚುಚ್ಚುಮದ್ದು ಕೊಟ್ಟು ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸುವುದರಲ್ಲಿ ಗೆದ್ದರು. ಜುಲೈ 10 ಮೀನು ಕೃಷಿಕರ ದಿನವಾದದ್ದು ಅದಕ್ಕೇ. ನಮ್ಮ ಕೆರೆಗಳಿಗೆ ಮಳೆಗಾಲದಲ್ಲಿ ಡ್ರಮ್ಮು, ಪ್ಲಾಸ್ಟಿಕ್ ಚೀಲದಲ್ಲಿ ಬಂದು ಬೀಳುವ ಮರಿಗಳ ಹಿಂದೆ ಆ ಕೆಲಸ ಇದೆ.

ಕೊನೆಗೆ ಕೊರವ, ತೆಲುಗಿನ ‘ಕೊರಮೀನು’. ಬೇಟೆಗಾರ ಮೀನು. ಕಿವಿರಿನ ಜತೆಗೆ ನೇರ ಗಾಳಿಯನ್ನೂ ಉಸಿರಾಡುವುದರಿಂದ ಬೇರೆ ಮೀನು ಸಾಯುವ ಕೆಸರಿನಲ್ಲಿ ಇದು ಬದುಕುತ್ತದೆ. ಬೆಲೆಯೂ ಜಾಸ್ತಿ, ಬಿಗುಮಾನವೂ ಜಾಸ್ತಿ. ಹಿಟ್ಟಿನುಂಡೆಗೆ ಬರುವುದಿಲ್ಲ, ಅಲ್ಲಾಡುವ ಸಣ್ಣ ಮೀನೇ ಬೇಕು. ಬಾಳೆಮೀನು, ಅಂದರೆ ‘ವಾಲುಗ’, ಸಂಜೆ ಮಬ್ಬಿನಲ್ಲಿ ದೊಡ್ಡ ನೀರಿನ ಆಳದಲ್ಲಿ ಹಿಡಿಯುವಂಥದ್ದು. ಆಫ್ರಿಕನ್ ಕ್ಯಾಟ್‌ಫಿಶ್ ಗಾಳಕ್ಕೆ ಬಿದ್ದರೆ ಮತ್ತೆ ನೀರಿಗೆ ಬಿಡಬೇಡಿ. ಉಳಿದ ಮೀನನ್ನೆಲ್ಲ ನುಂಗುವ ಜಾತಿ. ಅದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ.

ಕೆರೆ ಗಾಳವನ್ನು ಪೇಟೆಯವರು ‘ಸೋಮಾರಿ ಕೆಲಸ’ ಅನ್ನುತ್ತಾರೆ. ಅಂಥವರಿಗೆ ಒಂದು ಮಾತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಇಂಗ್ಲಿಷ್ ಅಧಿಕಾರಿ 1873ರಲ್ಲಿ ಮಂಗಳೂರಿನಲ್ಲೇ ಗಾಳದ ಮೇಲೆ ದಪ್ಪ ಪುಸ್ತಕ ಅಚ್ಚು ಹಾಕಿಸಿದ. ಅದು ಸಾಲದೆಂದು 1887ರಲ್ಲಿ ಬರೀ ಕೆರೆ ಗಾಳಕ್ಕೇ, ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’ ಎಂಬ ಇನ್ನೊಂದು ಪುಸ್ತಕ ತಂದ. ದೊರೆಗಳು ಪುಸ್ತಕ ಬರೆದದ್ದನ್ನು ನಮ್ಮವರು ಏರಿ ಮೇಲೆ ಕೂತು ಮಾಡುತ್ತ ಬಂದಿದ್ದಾರೆ.

ಕೆರೆ ಯಾರದ್ದು?

ಇಲ್ಲಿಂದ ಮುಂದೆ ಮಾತು ಸ್ವಲ್ಪ ಗಟ್ಟಿ. ಗಡಿಯ ಎರಡೂ ಕಡೆ ಕೆರೆಯ ಮೀನು ಗುತ್ತಿಗೆಗೆ ಹೋಗುತ್ತದೆ. ದೊಡ್ಡ ಕೆರೆ ಇಲಾಖೆಯ ಕೈಯಲ್ಲಿ, ಸಣ್ಣದು ಪಂಚಾಯಿತಿ ಕೈಯಲ್ಲಿ. ಮೀನುಗಾರರ ಸಹಕಾರ ಸಂಘಗಳೋ ಗುತ್ತಿಗೆದಾರರೋ ಮರಿ ಬಿಟ್ಟು, ಕಾವಲು ಹಾಕಿ, ಆರೇಳು ತಿಂಗಳು ಕಾದು, ಬಲೆ ಬೀಸುವುದು ಇದೇ ಬೇಸಿಗೆಯಲ್ಲಿ. ಅವರ ವರ್ಷದ ಸಂಪಾದನೆ ಇಳಿದ ನೀರಿನೊಳಗೆ ಇರುತ್ತದೆ. ಊರಿನವ ಒಂದು ಕೋಲು ಹಿಡಿದು ಕೂತರೆ ಅನೇಕ ಕಡೆ ನೋಡಿಯೂ ನೋಡದ ಹಾಗೆ ಇರುತ್ತಾರೆ. ಅದು ಅವರ ದೊಡ್ಡತನ, ನಮ್ಮ ಹಕ್ಕಲ್ಲ. ಹತ್ತು ಕೋಲು, ಮೇಲೆ ಬೀಸುಬಲೆ ತಂದರೆ ಜಗಳವಾಗದೆ ಇರುತ್ತದೆಯೇ? ‘ಅಣ್ಣಾ, ಮನೆ ಮಟ್ಟಿಗೆ ಒಂದೆರಡು ಹಿಡ್ಕೊಳ್ಳಾ?’ ಅಂತ ಕಾವಲಿನವನನ್ನು ಒಂದು ಮಾತು ಕೇಳಿದರೆ ಗಂಟೇನೂ ಹೋಗುವುದಿಲ್ಲ.

ಗುತ್ತಿಗೆ ಹಿಡಿದವರೂ ಒಂದು ಲೆಕ್ಕ ನೋಡಬೇಕು. ರೇಟು ಬರಲಿ ಅಂತ ಕೊನೆ ಗಳಿಗೆವರೆಗೆ ಮೀನನ್ನು ಇಳಿದ ನೀರಿನಲ್ಲಿ ಕೂಡಿಹಾಕುವುದು ಜೂಜು. ಏಪ್ರಿಲ್ ಕೊನೆಗೆ ಒಂದು ಗುಡುಗಿನ ಮಳೆ ಬಿದ್ದು, ದಡದ ಸಗಣಿ ಕಸ ಒಳಗೆ ಹರಿದು, ಮರುದಿನ ಮೋಡ ಮುಚ್ಚಿಕೊಂಡರೆ ಒಂದೇ ರಾತ್ರಿಗೆ ಮೀನು ಬೆಳ್ಳಗೆ ತೇಲಬಹುದು. ಮಾರ್ಚ್‌ನಲ್ಲೇ ದಪ್ಪನೆಯ ಮೀನು ತೆಗೆದು ಸಂದಣಿ ಇಳಿಸಿದರೆ ಉಳಿದದ್ದು ಬದುಕುತ್ತದೆ. ನಸುಕಿನಲ್ಲಿ ಮೀನು ಬಾಯಿ ಬಿಡುವುದು ಕಂಡರೆ ಪಂಪು ಹಚ್ಚಿ ಅದೇ ನೀರನ್ನು ಮೇಲಿಂದ ಚಿಮ್ಮಿ ಬೀಳುವಂತೆ ಮಾಡಿ. ಸತ್ತು ತೇಲಿದ ಮೀನನ್ನು ಮಾರುವುದೂ ಬೇಡ, ಪುಕ್ಕಟೆ ಸಿಕ್ಕಿತೆಂದು ತಿನ್ನುವುದೂ ಬೇಡ.

ಬೀಜದ ಮೀನು

ಕೆರೆ ಪೂರ್ತಿ ಒಣಗುವ ಮೊದಲು ತೂಬಿನ ಹತ್ತಿರ ಒಂದು ಗುಂಡಿ ನೀರು ಉಳಿಯುತ್ತದೆ. ಇರುವ ಜೀವವೆಲ್ಲ ಅಲ್ಲಿ. ಕೆಲವರಿಗೆ ಅದೇ ಸುಗ್ಗಿ. ಕರೆಂಟು ಬಿಡುವವರಿದ್ದಾರೆ, ಮದ್ದು ಹಾಕುವವರಿದ್ದಾರೆ, ತೋಟೆ ಸಿಡಿಸುವವರಿದ್ದಾರೆ. ಮೀನಿಗೆ ಸಿಡಿಮದ್ದು, ವಿಷ ಹಾಕುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧ ಅಂದಿದೆ. ಕಾಯ್ದೆಗೆ ನೂರು ವರ್ಷ ದಾಟಿದರೂ ಚಾಳಿ ಹೋಗಿಲ್ಲ. ವಿಷ ಹಾಕಿದ ನೀರನ್ನೇ ದನ ಕುಡಿಯುತ್ತದೆ, ಕುರಿ ಕುಡಿಯುತ್ತದೆ. ಕರೆಂಟು ಬಿಟ್ಟವನೇ ಅದಕ್ಕೆ ಬಲಿಯಾಗಲೂಬಹುದು.

ಇದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಕಾಟ್ಲಾ, ರೋಹು ಹೋದರೆ ಮಳೆಗಾಲಕ್ಕೆ ದುಡ್ಡು ಕೊಟ್ಟು ಮರಿ ತರಬಹುದು. ಕೊರವ, ಬಾಳೆ, ನಮ್ಮ ಹಳೆಯ ಸಣ್ಣಪುಟ್ಟ ಕೆರೆ ಮೀನುಗಳಿಗೆ ಹಾಗಿಲ್ಲ. ಬೇಸಿಗೆ ದಾಟಿ ಬದುಕಿದವೇ ಮುಂದಿನ ವರ್ಷದ ತಾಯಿ ತಂದೆ. ಆ ಗುಂಡಿಯ ಮೀನು ಬಿತ್ತನೆ ಬೀಜ. ಬಿತ್ತನೆಗಿಟ್ಟ ಕಡಲೆಕಾಯಿಯನ್ನು ಹುರಿದು ತಿಂದವನನ್ನು ನಮ್ಮ ಸೀಮೆಯಲ್ಲಿ ರೈತ ಅಂತ ಯಾರಾದರೂ ಕರೆಯುತ್ತಾರೆಯೇ? ಬರದಲ್ಲಿ ಹೊಟ್ಟೆ ಕಟ್ಟಿ ಬೀಜ ಉಳಿಸಿದ ಮನೆಗಳಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಊರು ಸೇರಿ ಒಂದು ಕಟ್ಟು ಮಾಡಬಹುದು. ಕೊನೆಯ ಗುಂಡಿಗೆ ಬಲೆ ಇಲ್ಲ, ಮದ್ದು ಇಲ್ಲ. ಹೂಳು ತೆಗೆಸುವಾಗ ತೂಬಿನ ಬಳಿ ಆಳದ ಒಂದು ಮೂಲೆ ಬಿಡಿಸಿ, ಬೇಲಿ ಹಾಕಿ, ಅದನ್ನು ಮೀನಿಗೂ ದನಕ್ಕೂ ಮೀಸಲಿಡುವುದು. ಮಳೆಗಾಲದಲ್ಲಿ ಕೊರವದ ಮರಿಗಳು ಕೆಂಪಗೆ ಗುಂಪಾಗಿ ನೀರಿನ ಮೇಲೆ ತೇಲುವಾಗ ಕೆಳಗೆ ತಾಯಿ ತಂದೆ ಕಾಯುತ್ತಿರುತ್ತವೆ. ಆಗ ಅವನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನಿನ ಬಾಯಿಗೆ. ಗೇಣಿಗಿಂತ ಚಿಕ್ಕದು ಬಿದ್ದರೆ ಒದ್ದೆ ಕೈಯಲ್ಲಿ ಹಿಡಿದು ಗಾಳ ಬಿಡಿಸಿ ನೀರಿಗೆ ಬಿಡಿ. ಒಣ ಕೈ ತಾಗಿದರೆ ಮೈಯ ಲೋಳೆ ಹೋಗಿ ಅದು ಉಳಿಯುವುದು ಕಷ್ಟ.

ಉಪ್ಪುನೀರಿನ ಆಸೆ ಇದ್ದವರಿಗೆ

ಹುಣಸೆ, ಬೆಲ್ಲದ ವ್ಯಾಪಾರಕ್ಕೆ ಮಂಗಳೂರಿಗೋ ನೆಲ್ಲೂರಿಗೋ ಹೋಗಿಬರುವವರು ಸಮುದ್ರದ ಗಾಳವನ್ನೂ ನೋಡಿದ್ದಾರೆ. ಹಿಂದೂಪುರದ ಪೆನ್ನೆ ಕೊನೆಗೆ ಸೇರುವುದು ನೆಲ್ಲೂರಿನಾಚೆಯ ಬಂಗಾಳ ಕೊಲ್ಲಿಗೆ. ಅಳಿವೆಯಲ್ಲಿ ಗಾಳ ಹಾಕುವುದಕ್ಕೆ ಗಡಿಯಾರಕ್ಕಿಂತ ಉಬ್ಬರ ಇಳಿತ ಮುಖ್ಯ. ಆರು ಗಂಟೆ ಚಿಲ್ಲರೆಗೊಮ್ಮೆ ನೀರು ತಿರುಗುತ್ತದೆ. ಏರುವ ನೀರಿನ ಜತೆ ಮೀನು ಅಳಿವೆಯೊಳಗೆ ಮೇಯಲು ಬರುತ್ತದೆ. ಪಡುಗಡಲು ಮಾರ್ಚ್, ಏಪ್ರಿಲ್‌ನಲ್ಲಿ ಬೆಳಗಿನ ಹೊತ್ತು ಶಾಂತ. ಮೇ ಕೊನೆಗೆ ಅಲೆ ಎದ್ದರೆ ಬಂಡೆ ಮೇಲೆ ನಿಲ್ಲುವ ಹುಚ್ಚು ಬೇಡ. ಕೆರೆಯ ಏರಿ ಮೇಲೆ ಬೆಳೆದವರಿಗೆ ಕಡಲಿನ ಅಲೆಯ ಅಂದಾಜು ಸಿಗುವುದಿಲ್ಲ.

ವ್ಯಾಪಾರಿಗಳು ಗುರುತು ಹಾಕಿಕೊಳ್ಳಬೇಕಾದ ತಾರೀಕು ಇವೆ. ಪೂರ್ವ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಏಪ್ರಿಲ್ 15ರಿಂದ ಜೂನ್ 14ರವರೆಗೆ ನಿಷೇಧ. ಪಶ್ಚಿಮದಲ್ಲಿ ಜೂನ್ 1ರಿಂದ ಜುಲೈ 31. ಎರಡೂ ಕಡೆ 61 ದಿನ. ಮೀನು ಮರಿ ಮಾಡುವ ಕಾಲವೆಂದು ಈ ಬಿಡುವು. ಅಂದರೆ ಏಪ್ರಿಲ್ ನಡುವಿನಿಂದ ಮೇ ಕೊನೆವರೆಗೆ ನಮ್ಮ ಕಡೆಗೆ ಸಮುದ್ರದ ಮೀನು ಬರಬೇಕಾದರೆ ಮಲ್ಪೆ, ಮಂಗಳೂರೇ ದಿಕ್ಕು. ಜೂನ್ ಮೊದಲ ಎರಡು ವಾರ ಎರಡೂ ಬಾಗಿಲು ಮುಚ್ಚಿರುತ್ತವೆ. ಆಗ ಸಂತೆಗೆ ಬರುವುದು ಕೃಷ್ಣಾ-ಗೋದಾವರಿ ಕಡೆಯ ಹೊಂಡದ ಮೀನು, ಇಲ್ಲವೇ ನಮ್ಮ ಕೆರೆಯದ್ದು. ಕೆರೆ ಮೀನಿಗೆ ಬೆಲೆ ಬರುವ ದಿನಗಳಿವು. ನೀರು ಉಳಿದಿದ್ದರೆ! ಐಸಿನ ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಣ್ಣು ಉಬ್ಬಿರಬೇಕು. ಬೆರಳು ಒತ್ತಿದ ಗುಳಿ ಮೇಲೇಳಬೇಕು.

ಮಕ್ಕಳ ಮೇಲೆ ಕಣ್ಣಿರಲಿ

ಪರೀಕ್ಷೆ ಮುಗಿದು ರಜಾ ಬಂದರೆ ಕೆರೆಯೇ ಮಕ್ಕಳ ಬಯಲು. ಮೇಲಿಂದ ನೋಡಿದರೆ ಮೊಳಕಾಲುದ್ದ ನೀರು. ಒಳಗೆ ಹೂಳು ತೆಗೆದ ಗುಂಡಿ ಎರಡಾಳು ಆಳ. ಪೆನ್ನೆಯಲ್ಲಿ ಮರಳು ತೋಡಿದ ಗುಂಡಿಗಳ ಕತೆಯೂ ಅಷ್ಟೆ. ಕೃಷಿ ಹೊಂಡ ಇನ್ನೂ ಮೋಸ. ಪ್ಲಾಸ್ಟಿಕ್ ಹಾಳೆ ಹಾಸಿದ ಇಳಿಜಾರಿನಲ್ಲಿ ಈಜು ಬಲ್ಲವನ ಕಾಲೂ ಜಾರುತ್ತದೆ, ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಹೊಂಡದ ಸುತ್ತ ಬೇಲಿ, ಒಳಕ್ಕೆ ಗಂಟು ಹಾಕಿದ ಒಂದು ಹಗ್ಗ, ಗಾಳಿ ತುಂಬಿದ ಒಂದು ಹಳೆ ಟ್ಯೂಬು ಇಟ್ಟರೆ ಒಂದು ಜೀವ ಉಳಿದೀತು. ಮಕ್ಕಳನ್ನು ಗಾಳಕ್ಕೆ ಒಂಟಿಯಾಗಿ ಕಳಿಸಬೇಡಿ. ಮುಂಗಾರಿಗೆ ಮುಂಚಿನ ಗುಡುಗು ಸದ್ದು ಕೇಳಿದರೆ ಕೋಲು ಕೆಳಗಿಟ್ಟು ಏರಿಯಿಂದ ಇಳಿಯಿರಿ. ಬಯಲಲ್ಲಿ ಎತ್ತಿ ಹಿಡಿದ ಕೋಲು ಸಿಡಿಲಿಗೆ ದಾರಿ ತೋರಿಸಿದ ಹಾಗೆ.

ಅಶ್ವಿನಿ, ಭರಣಿ ಮಳೆ ಹನಿದು ನೆಲ ತಣಿದ ಮೇಲೆ ಗಾಳದವರು ಮತ್ತೆ ನೇಗಿಲಿಗೆ ತಿರುಗುತ್ತಾರೆ. ಕೋಲು ಸೂರಿನ ಸಂದಿಗೆ ಹೋಗುತ್ತದೆ. ಮೇಲಿನ ಸೀಮೆಯಲ್ಲಿ ದೊಡ್ಡ ಮಳೆಯಾಗಿ ಪೆನ್ನೆ ಬರುತ್ತಾಳೋ ಇಲ್ಲವೋ ಯಾರು ಬಲ್ಲರು? ಬಂದರೆ ಆಕೆಗೆ ಒಪ್ಪಿಸಲು ತೂಬಿನ ಗುಂಡಿಯಲ್ಲಿ ನಾಲ್ಕು ಜೋಡಿ ಕೊರವ ಉಳಿದಿರಬೇಕು. ಅಷ್ಟು ನಮ್ಮ ಕೈಯಲ್ಲಿದೆ.